ನೊಣ ತಿನ್ನುವ ಗಿಡಕ್ಕೆ ಒಂದು ಹಿಡಿ ಗೊಬ್ಬರ

ಶಿಗ್ಗಾಂವಿಯ ಮನೆಯಲ್ಲಿ, ಮೀನು ಸಾಕಿದ್ದ ಹಳೆಯ ಗಾಜಿನ ತೊಟ್ಟಿಗೆ ತೊಳೆದ ಮರಳು, ಒಣಪಾಚಿ ತುಂಬಿ ನೊಣ ತಿನ್ನುವ ಗಿಡ ನೆಟ್ಟಿದ್ದೆ. ಅದು ಬದುಕಬೇಕಾದರೆ ಮಳೆನೀರು, ಸಾರವಿಲ್ಲದ ಮಣ್ಣು ಇಷ್ಟೇ ಸಾಕೆಂದು ಬಂದವರಿಗೆಲ್ಲ ಪಾಠ ಹೇಳುತ್ತಿದ್ದೆ.

ಹಿರೇಬೆಂಡಿಗೇರಿಯಲ್ಲಿ ಹೊಲ ಮಾಡುವ ಅಪ್ಪ ಒಂದು ದಿನ ಬಂದು ತೊಟ್ಟಿಯ ಮುಂದೆ ಕೂತ.

"ಮಣ್ಣಾಗ ಏನ್ ಹಾಕೀಯೋ?"

"ಏನೂ ಹಾಕಬಾರದಪ್ಪಾ."

"ಅದಕ್ಕ ನೊಣಾ ತಿನ್ನಾಕತ್ತೈತಿ. ಉಪವಾಸ ಕೆಡವಿ ಊರಿಗೆಲ್ಲಾ ತೋರಸಾಕತ್ತಿ. ಒಂದ್ ಹಿಡಿ ತಿಪ್ಪಿಗೊಬ್ಬರ ಹಾಕು, ನೊಣದ ಚಟಾ ಬಿಡತೈತಿ."

ನಾನು ಎರಡು ಪುಸ್ತಕ ಓದಿ ತಿಳಿದ ಕಾರಣವನ್ನು ಅವನು ಒಂದೇ ನೋಟಕ್ಕೆ ಹೇಳಿದ್ದ. ಹೇಳಿದ ಔಷಧ ಮಾತ್ರ ತಪ್ಪಾಗಿತ್ತು. ಮರುದಿನ ಮಣ್ಣಿಗೆ ಗೊಬ್ಬರ ಬಿತ್ತು, ವಾರದಲ್ಲಿ ಗಿಡ ಕಪ್ಪಾಗಿ ಸತ್ತಿತು.

ನಾನು ಕಚೇರಿಗೆ ಹೋದಾಗ ಅಪ್ಪ ಕದ್ದು ಹಾಕಿದ ಎಂದು ಎಷ್ಟೋ ಜನರಿಗೆ ಹೇಳಿದ್ದೇನೆ. ಅವನು ಗೊಬ್ಬರವನ್ನು ಧೋತರದ ಚುಂಗಿನಲ್ಲಿ ಕಟ್ಟಿಕೊಂಡು ಬಂದದ್ದೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಪ್ಪ ಬಂದ ದಿನವೇ ಸಂಜೆಯ ಬಸ್ಸಿಗೆ ಊರಿಗೆ ಹೋಗಿದ್ದ ಎನ್ನುತ್ತಾಳೆ ಹೆಂಡತಿ. ಹಾಗಿದ್ದರೆ ಅವನ ಮಾತು ನಂಬಿ ಹಾಕಿದವನು ನಾನೇ ಇರಬೇಕು. ಹೇಳುವ ಕತೆಯನ್ನು ಮಾತ್ರ ಇನ್ನೂ ತಿದ್ದಿಲ್ಲ. ಧೋತರದ ಭಾಗಕ್ಕೆ ಜನ ಚೆನ್ನಾಗಿ ನಗುತ್ತಾರೆ.