ಎದುರುಗಾಳಿಯಲ್ಲಿ ಬಂದ ಹಸಿರು ಸೀರೆ

ಬದಾಮಿಯ ಕಚೇರಿಯಲ್ಲಿ ಕಾರಕೂನರಾಗಿದ್ದ ಕೃಷ್ಣಾಜಿರಾಯರಿಗೆ ಲೋಕದಲ್ಲಿ ಎರಡೇ ವೈರಿಗಳು: ಒಂದು ಗಾಳಿ, ಇನ್ನೊಂದು ಗುಡ್ಡ. ಆ ಎರಡಕ್ಕೂ ರಾಯರ ಪರಿಚಯವೇ ಇರಲಿಲ್ಲ ಎಂಬುದು ಬೇರೆ ಮಾತು. ಏರು ಬಂದರೆ ರಾಯರು ಇಳಿದು ಸೈಕಲ್ ತಳ್ಳುತ್ತಿದ್ದರು. ಯಾರಾದರೂ ಕಂಡು ಕೇಳಿದರೆ, “ಸೈಕಲ್ಲಿಗೆ ದಣಿವಾಗಬಾರದು ನೋಡ್ರಿ, ವಿಲಾಯ್ತಿ ಮಾಲು” ಎನ್ನುತ್ತಿದ್ದರು. ಗಾಳಿ ಎದುರಾದರೆ ಜೋಳದ ಕಣಿಕೆ ಹೇರಿದ ಚಕ್ಕಡಿಯೊಂದನ್ನು ಹುಡುಕಿ, ಅದರ ಮರೆಯಲ್ಲಿ ಎತ್ತಿನ ನಡಿಗೆಗೆ ಸರಿಯಾಗಿ ತುಳಿಯುತ್ತಿದ್ದರು. ಹೀಗೆ ಒಮ್ಮೆ ಬಾಗಲಕೋಟೆಗೆಂದು ಹೊರಟವರು ತಲೆ ಎತ್ತಿ ನೋಡಿದಾಗ ಯಾರದೋ ಹಿತ್ತಲಿನಲ್ಲಿ ಬಣವೆಯ ಮುಂದೆ ನಿಂತಿದ್ದರು.

ಇಷ್ಟಾದರೂ ದೂರದ ಸವಾರಿಗೆ ಹೊರಡುವ ಮೊದಲು ಗಾಳಿ ಯಾವ ಕಡೆಯದು ಎಂದು ಅವರು ಬಾಗಿಲು ತೆರೆದು ನೋಡಿದವರಲ್ಲ. ನೋಡುತ್ತಿದ್ದದ್ದು ಪಂಚಾಂಗ. ಯಾವ ವಾರ ಯಾವ ದಿಕ್ಕಿಗೆ ಪ್ರಯಾಣ ಕೂಡದು ಎಂದು ಹೇಳುವ ವಾರಶೂಲೆ ಅವರಿಗೆ ಬಾಯಿಪಾಠ. ಅವರ ಅಪ್ಪ, ಅಜ್ಜ ಹಾಗೆ ನೋಡಿಯೇ ಹೊರಟು ಸುಖವಾಗಿ ಮರಳಿದವರು. ಹೆಚ್ಚಾಗಿ ಮಗ್ಗುಲ ಹಳ್ಳಿ ಚೊಳಚಗುಡ್ಡದ ಆಚೆ ಹೋದವರಲ್ಲ, ಅಷ್ಟೇ.

ಮುಂಬಯಿ ಇಲಾಖೆ ಹೋಗಿ ಮೈಸೂರು ರಾಜ್ಯ ಬಂದ ಮರುವರ್ಷ, ಶ್ರಾವಣದಲ್ಲಿ, ಮಗಳು ಪ್ರೇಮಾಳ ಕುಬಸ ಬಂತು. ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ ಆರತಿ ಮಾಡಬೇಕು. ಆ ಸೀರೆಯ ಗಳಿಗೆ ಮುರಿಯುವ ಹಕ್ಕು, ಎಂದರೆ ಹೊಸ ಮಡಿಕೆ ಬಿಡಿಸಿ ಮೊದಲು ಉಡುವ ಹಕ್ಕು, ಬಸುರಿಯದು. ಬೇರೆ ಯಾರಾದರೂ ಬಿಡಿಸಿದರೆ ಹೆಂಗಸರ ಕಣ್ಣಿಗೆ ಅದು ಹಳೆಯ ಸೀರೆ. ಇಳಕಲ್ಲಿನ ಗುರುಲಿಂಗವ್ವನ ಮನೆಯ ಮಗ್ಗದ ಮೇಲೆ ಸೀರೆ ಇತ್ತು. ಕುಬಸ ಗುರುವಾರ ಬೆಳಿಗ್ಗೆ.

“ನಬಿಸಾಬಗ ಹೇಳ್ರಿ, ಬಸ್ಸಿನ್ಯಾಗ ತಂದು ಕೊಡ್ತಾನ,” ಎಂದರು ಹೆಂಡತಿ ಸರಸ್ವತೀಬಾಯಿ. ನಬಿಸಾಬ ಇಳಕಲ್ಲಿನಿಂದ ಬದಾಮಿಗೆ ಬಸ್ಸು ತರುವ ಡ್ರೈವರ್.

“ಬಸ್ಸಿಗೆ ವಾರ ಗೊತ್ತದನೋ, ದಿಕ್ಕು ಗೊತ್ತದನೋ? ಶುಭಕಾರ್ಯದ ಸೀರಿ. ನಾನೇ ಹೋಗಿ ತರ್ತೇನಿ.”

“ಸೈಕಲ್ ಮ್ಯಾಲ?”

“ಮತ್ತೇನು ಆನಿ ಮ್ಯಾಲ?”

“ಆನಿ ಆಗಿದ್ರ ಚಿಂತಿ ಇದ್ದಿಲ್ಲ. ಗಾಳಿಗೆ ಹಾರ್ತಿದ್ದಿಲ್ಲ.”

ರವಿವಾರ ಪೂರ್ವಕ್ಕೆ ಅಡ್ಡಿಯಿಲ್ಲ. ರಾಯರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಹೊರಟರು. ಶ್ರಾವಣದ ಪಶ್ಚಿಮದ ಗಾಳಿ ಬೆನ್ನಿಗೆ ಕೈ ಹಚ್ಚಿತು. ಸೈಕಲ್ ತಾನೇ ಓಡಿತು, ಏರುಗಳು ಮಣಿದವು. ಹುನಗುಂದ ಮುಟ್ಟುವಷ್ಟರಲ್ಲಿ ರಾಯರಿಗೆ ತಮ್ಮ ತೊಡೆಗಳ ಬಗ್ಗೆ ಹೊಸ ಗೌರವ ಹುಟ್ಟಿತ್ತು. ಇಳಕಲ್ಲಿನಲ್ಲಿ ಸೀರೆ ಮಗ್ಗದಿಂದ ಇಳಿಯುವ ತನಕ ಗುರುಲಿಂಗವ್ವನ ಕಟ್ಟೆಯ ಮೇಲೆ ಕೂತು, ಏರಿನಲ್ಲಿ ಉಸಿರು ಎಲ್ಲಿ ಹಿಡಿಯಬೇಕು, ಎಲ್ಲಿ ಬಿಡಬೇಕು ಎಂದು ಓಣಿಗೆಲ್ಲ ಪಾಠ ಹೇಳಿದರು. ಬೆನ್ನಿಗಿದ್ದ ಗಾಳಿಯ ಹೆಸರನ್ನು ಮಾತ್ರ ಎತ್ತಲಿಲ್ಲ.

ಮಂಗಳವಾರ ಸಂಜೆ ಸೀರೆ ಕೈಗೆ ಬಂತು. ಬುಧವಾರ ಬೆಳಿಗ್ಗೆ ಬಸ್ಸಿನ ಬಳಿ ನಿಂತಿದ್ದ ನಬಿಸಾಬ ಕೂಗಿ ಕರೆದ.

“ರಾಯರ, ಗಾಳಿ ಎದುರಿಗೈತ್ರಿ. ಸೈಕಲ್ ಟಾಪಿನ ಮ್ಯಾಲ ಹಾಕ್ತೇನಿ, ಬರ್ರಿ.”

“ಬಸ್ಸು ಮೊದಲ ಯಾವ ಊರಿಗೆ ಹೋಗ್ತದ?”

“ಹುನಗುಂದಕ್ಕ. ಮತ್ತ್ಯಾವ ಊರಿಗೆ?”

ಹುನಗುಂದ ಉತ್ತರಕ್ಕೆ. ಬುಧವಾರ ಉತ್ತರಕ್ಕೆ ಶೂಲೆ. ರಾಯರು ತಲೆ ಅಲ್ಲಾಡಿಸಿದರು. “ಆಗೂದಿಲ್ಲ. ಬದಾಮಿ ಪಶ್ಚಿಮಕ್ಕದ. ನಾ ನೆಟ್ಟಗ ಪಶ್ಚಿಮಕ್ಕ ಹೋಗ್ತೇನಿ.”

“ಅತ್ತಾಗ ರಸ್ತಾ ಎಲ್ಲೈತ್ರಿ? ಚಕ್ಕಡಿ ದಾರಿ, ಗುಡ್ಡ.”

“ಶೂಲಿ ಇಲ್ಲಲ್ಲ!”

ನಬಿಸಾಬ ಬಸ್ಸು ಹತ್ತುತ್ತ ಕೇಳಿದ. “ಮನ್ಯಾಗ ಬಾಯಾರಿಗೆ ಏನು ಹೇಳ್ಲಿ?”

“ಸಂಜೀಕ ಬರ್ತಾರಂತ ಹೇಳು.”

ನೆಟ್ಟಗೆ ಪಶ್ಚಿಮಕ್ಕೆ ಎಂದರೆ ನೆಟ್ಟಗೆ ಗಾಳಿಯ ಬಾಯಿಗೆ. ಊರು ದಾಟುವಷ್ಟರಲ್ಲಿ ಧೋತರ ಉಬ್ಬಿತು, ಕೋಟು ಉಬ್ಬಿತು, ರುಮಾಲು ಬಿಚ್ಚಿಕೊಂಡಿತು. ಇಳಿಜಾರಿನಲ್ಲೂ ತುಳಿಯಬೇಕಾಯಿತು, ತುಳಿಯುವುದು ಬಿಟ್ಟರೆ ಸೈಕಲ್ ಇಳಕಲ್ಲಿನ ಕಡೆಗೆ ಹೊರಡುವಂತಿತ್ತು. ಕಟ್ಟೆಯ ಮೇಲೆ ಹೇಳಿದ ಉಸಿರಿನ ಪಾಠ ಒಂದೂ ನೆನಪಾಗಲಿಲ್ಲ. ಮೈ ಸಣ್ಣದಾದರೆ ಗಾಳಿ ಕಡಿಮೆ ತಾಗೀತು ಎಂದು ಕೋಟು, ರುಮಾಲು ತೆಗೆದು ಕ್ಯಾರಿಯರಿನ ಮೇಲೆ ಸೀರೆಯ ಗಂಟಿನೊಡನೆ ಬಿಗಿದರು. ಬಿಗಿದೆನೆಂದುಕೊಂಡರು. ಆಮೇಲೆ ಹ್ಯಾಂಡಲ್ಲಿಗೆ ಹಣೆ ಹಚ್ಚಿ, ಕಣ್ಣು ಮುಚ್ಚಿ ತುಳಿದರು.

ಗುಡ್ಡದ ಅರ್ಧಕ್ಕೆ ಗಾಳಿ ಇಮ್ಮಡಿಯಾಯಿತು. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಸೈಕಲ್ ನಿಂತೇಬಿಟ್ಟಿತು. ರಾಯರು ಗಾಳಿಯ ವಂಶವನ್ನೆಲ್ಲ ಬೈದರು.

ಕುರಿ ಮೇಯಿಸುತ್ತಿದ್ದ ರಂಗವ್ವ ಬಂಡೆಯ ಮೇಲಿಂದ ಕೂಗಿದಳು. “ಯಪ್ಪಾ, ಸೀರಿ ಬಿಚ್ಚೇತಿ!”

“ಕಣ್ಣು ಕಾಣೂದಿಲ್ಲೇನು? ನಾ ಉಟ್ಟದ್ದು ಧೋತರ!”

“ನಿಮ್ಮ ಧೋತರಾ ಯಾರು ನೋಡ್ತಾರ? ಹಿಂದ ನೋಡ್ರಿ, ಹಿಂದ!”

ರಾಯರು ತಿರುಗಿದರು. ಒಂದು ತುದಿ ಕ್ಯಾರಿಯರಿನಲ್ಲಿ ಸಿಕ್ಕಿ, ಮಗಳ ಹಸಿರು ಸೀರೆ ಹಾಯಿಯಂತೆ ಉಬ್ಬಿ ಹಾರುತ್ತಿತ್ತು. ಅಷ್ಟು ಹೊತ್ತು ಬೈದದ್ದರಲ್ಲಿ ಅರ್ಧ ಅದಕ್ಕೇ ಸಲ್ಲಬೇಕಾಗಿತ್ತು.

ಅವರು ನೆಲಕ್ಕೆ ಕುಸಿದರು. “ಗಳಿಗಿ ಮುರೀತಲ್ಲವ್ವಾ! ನಾಳೆ ನನ್ನ ಮಗಳ ಕುಬಸ!”

“ಉಟ್ಟಾರೇನ್ರಿ ಯಾರರ? ಉಡದ ಹ್ಯಾಂಗ ಮುರೀತದ? ಏಳ್ರಿ, ಆ ತುದಿ ಹಿಡೀರಿ.” ರಂಗವ್ವ ಸೆರಗು ಹಿಡಿದು ಬಂಡೆಯ ಮರೆಗೆ ಸರಿದಳು. “ಈ ಕಡಿ ಬರ್ರಿ. ಅಲ್ಲೇ ನಿಂತ್ರ ಹ್ಯಾಂಗ ಮಡಚೂದು?”

“ಆ ಕಡಿ ಉತ್ತರ.”

“ಉತ್ತರಕ್ಕೇನು ಹುಲಿ ಐತೇನು? ಬರ್ರಿ ಅಂದ್ರ!”

ರಾಯರು ದೇವರನ್ನು ನೆನೆದು ಉತ್ತರಕ್ಕೆ ಹೆಜ್ಜೆ ಇಟ್ಟರು. ಮಡಿಕೆ ಮೇಲೆ ಮಡಿಕೆ ಕೂತು ಸೀರೆ ಕೊನೆಗೆ ಒಂದು ಸಣ್ಣ ದಿಂಬಿನಂತಾಯಿತು. ಅಲ್ಲಿಂದ ಮುಂದೆ ಸೈಕಲ್ ತಳ್ಳಿಕೊಂಡೇ ನಡೆದು, ಹರಿಗೋಲಿನಲ್ಲಿ ಹೊಳೆ ದಾಟಿ, ಕತ್ತಲಾಗಲು ಶಿವಯೋಗ ಮಂದಿರದ ಜಗಲಿಯಲ್ಲಿ ಗಂಟನ್ನು ಅವುಚಿಕೊಂಡು ಮಲಗಿದರು.

ಗುರುವಾರ ಬೆಳಿಗ್ಗೆ ಮನೆ ಮುಟ್ಟಿದಾಗ ಪ್ರೇಮಾ ಎಣ್ಣೆ ನೀರು ಹಾಕಿಕೊಂಡು ಹಳೆಯ ಸೀರೆಯಲ್ಲಿ ಕಾಯುತ್ತಿದ್ದಳು. ಓಣಿಯ ಹೆಂಗಸರು ಆರತಿ ಹಿಡಿದು ಬಾಗಿಲು ನೋಡುತ್ತಿದ್ದರು. ಸರಸ್ವತೀಬಾಯಿ ಗಂಟು ಬಿಚ್ಚಿದರು. ಮಡಿಕೆಯ ನಡುವಿನಿಂದ ಕುರಿಯ ಉಣ್ಣೆ ಉದುರಿತು.

“ಏನ್ರಿ ಇದು? ಖರೆ ಹೇಳ್ರಿ, ಗಳಿಗಿ ಮುರದವ್ರು ಯಾರು?”

“ಯಾರೂ ಉಟ್ಟಿಲ್ಲ,” ಎಂದು ರಾಯರು ಕಂಬಕ್ಕೆ ಒರಗಿ, ಶೂಲೆಯಿಂದ ಹಿಡಿದು ಹಾಯಿಯ ತನಕ ಎಲ್ಲವನ್ನೂ ಹೇಳಿದರು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರೇಮಾ ಮಾತ್ರ ನಗು ತಡೆಯಲಾಗದೆ ಹೊಟ್ಟೆ ಹಿಡಿದುಕೊಂಡಳು.

“ತಾ ಅವ್ವಾ, ಉಡ್ತೇನಿ. ಅಪ್ಪಾನ್ನ, ಸೈಕಲ್ಲನ್ನ ಎರಡೂ ಹಿಡದು ನಿಲ್ಲಿಸೇದ ಅಂದ್ರ ಭಾಳ ಗಟ್ಟಿ ಸೀರಿ.”

ಬಸುರಿಯೇ ಹಾಗೆಂದ ಮೇಲೆ ಯಾರೂ ಮಾತೆತ್ತಲಿಲ್ಲ. ಆರತಿಯಾಯಿತು.

ಊಟದ ಮೇಲೆ ರಾಯರು ಪಂಚಾಂಗ ತೆರೆದು ಕೂತರು. ತುಸು ಹೊತ್ತಿಗೆ ಮುಖ ಅರಳಿತು. “ನೋಡು, ಸೀರಿ ಮಡಚೂ ಮುಂದ ಬುಧವಾರ ಉತ್ತರಕ್ಕ ಕಾಲಿಟ್ಟೆ. ಅದಕ್ಕೇ ಇಷ್ಟೆಲ್ಲಾ ಆತು.”

“ಸೀರಿ ಬಿಚ್ಚಿದ್ದು ಮೊದಲೋ, ಮಡಚಿದ್ದು ಮೊದಲೋ?” ಎಂದರು ಸರಸ್ವತೀಬಾಯಿ.

ರಾಯರಿಗೆ ಕೇಳಿಸಲಿಲ್ಲ. “ಮುಂದಿನ ಸಲ ನಾ—”

“ಮುಂದಿನ ಸಲ? ಕೂಸಿನ ತೊಟ್ಟಿಲಾನೂ ಸೈಕಲ್ ಮ್ಯಾಲೇ ತರಾವ್ರೇನು?”

ರಾಯರು ತೊಟ್ಟಿಲು ಮಾಡುವವರ ಊರು ಯಾವ ದಿಕ್ಕಿಗಿದೆ ಎಂದು ಆಗಲೇ ಬೆರಳು ಮಡಚಿ ಲೆಕ್ಕ ಹಾಕುತ್ತಿದ್ದರು.