ಲೆಕ್ಕಕ್ಕಿಲ್ಲದ ಪ್ಯಾನ್‌ಕೇಕ್

ಅಬುಧಾಬಿಯಲ್ಲಿ ನಮಗೆ ಶುಕ್ರವಾರವೇ ಸಂಡೇ. ಚರ್ಚಿನಲ್ಲಿ ಮಾಸ್ ಮುಗಿದರೆ ನನ್ನ ಯಜಮಾನರು ತಮ್ಮ ಅಮೆರಿಕನ್ ಬಾಸಿನ ಮನೆಗೆ ಹೊರಡುವರು. ಆತನ ಊರಿನಿಂದ ಫುಟ್‌ಬಾಲ್ ಕ್ಯಾಸೆಟ್‌ಗಳು ಬರುತ್ತಿದ್ದವು. ನಮ್ಮ ಒದೆಯುವ ಫುಟ್‌ಬಾಲ್ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಹಾಯುವ ಅವರದ್ದು. ಜೊತೆಗೆ ಕೂತು ನೋಡಲು ಒಬ್ಬರು ಬೇಕಿತ್ತು. ಆ ವರ್ಷ ಇವರಿಗೆ ಅರವತ್ತು. ರಿಟೈರ್ ಮಾಡದೆ ಬಾಸ್ ಎಕ್ಸ್‌ಟೆನ್ಶನ್ ಕೊಡಿಸಿದರೆ ಮಗಳ ಟ್ವೆಲ್ತ್ ಅಲ್ಲೇ ಮುಗಿಯುತ್ತಿತ್ತು. ಇಲ್ಲದಿದ್ದರೆ ಮೂವರ ವೀಸಾವೂ ಖಲಾಸ್.

ಒಂದು ದಿನ ಅಲ್ಲಿಂದ ಬಂದವರೇ, "ಇವತ್ತು ಒಬ್ಬ ಲೈನ್‌ಮನ್‌ಗೆ ರಾಶಿ ಪ್ಯಾನ್‌ಕೇಕ್, ಮಾರಾಯ್ತಿ!" ಎಂದರು.

"ಕರೆಂಟು ಕಂಬ ಹತ್ತುವವನಿಗೆ ಎಂತಕ್ಕೆ ಅಷ್ಟು?"

ಚಿಕ್ಕಂದಿನಲ್ಲಿ ಕಾನ್ವೆಂಟಿನಲ್ಲಿ ಲೆಂಟಿನ ಉಪವಾಸ ಶುರುವಾಗುವ ಮುನ್ನಾದಿನ ಸಿಸ್ಟರುಗಳು ಕಾಯಿ-ಬೆಲ್ಲ ತುಂಬಿ ಸುತ್ತಿ ಕೊಡುತ್ತಿದ್ದದ್ದೇ ನನಗೆ ಗೊತ್ತಿದ್ದ ಪ್ಯಾನ್‌ಕೇಕ್. ಬಾಸಿಗೂ ಇಷ್ಟವೇನೋ ಎಂದು ಮುಂದಿನ ವಾರ ಒಂದು ಡಬ್ಬಿ ತುಂಬ ಮಾಡಿಕೊಂಡು ನಾನೂ ಹೋದೆ.

ಆತ ನಕ್ಕು ನಕ್ಕು ಕೆಂಪಾದ. ಟೇಪು ಹಿಂದಕ್ಕೆ ಓಡಿಸಿ ತೋರಿಸಿದ. ಚೆಂಡು ಹಿಡಿದು ಓಡುವವನಿಗೆ ದಾರಿ ಬಿಡಿಸಲು ಒಬ್ಬ ದಢೂತಿ ಲೈನ್‌ಮನ್ ಎದುರಾಳಿಯನ್ನು ದೋಸೆ ಮಗುಚಿದಂತೆ ಅಂಗಾತ ಕೆಡವುತ್ತಾನೆ. ಅದು ಪ್ಯಾನ್‌ಕೇಕ್. ಓಡಿದವನು ದಾಟಿದ ಒಂದೊಂದು ಗಜವೂ ರೆಕಾರ್ಡಿಗೆ ಹೋಗುತ್ತದೆ. ಕೆಡವಿದ್ದನ್ನು ಅಫಿಶಿಯಲ್ ಆಗಿ ಯಾರೂ ಬರೆದುಕೊಳ್ಳುವುದಿಲ್ಲವಂತೆ.

"ನಿಮ್ಮ ಹಸ್ಬೆಂಡ್ ನನ್ನ ಲೈನ್‌ಮನ್, ಮ್ಯಾಡಮ್," ಎಂದ ಬಾಸ್. "ಪೋರ್ಟಿನಲ್ಲಿ ನಮ್ಮ ಸಾಮಾನು ಸಿಕ್ಕಿಬಿದ್ದಾಗಲೆಲ್ಲ ದಾರಿ ಬಿಡಿಸುವವರು ಇವರೇ."

ಇವರ ಮುಖ ಅರಳಿತು. ನಾನು ಮಾತ್ರ ಟೀವಿಯನ್ನೇ ನೋಡುತ್ತಿದ್ದೆ. ಕ್ಯಾಮೆರಾ ಓಡುವವನ ಹಿಂದೆಯೇ ಹೋಗಿಬಿಟ್ಟಿತ್ತು; ಕೆಡವಿದವನು ಮತ್ತೆ ಎದ್ದನೋ ಇಲ್ಲವೋ ಕಾಣಲಿಲ್ಲ.

ಮಗಳ ಹೊಸ ಯೂನಿಫಾರ್ಮ್ ಹೊಲಿಸಿ ಆದ ಮೇಲೆ ಉತ್ತರ ಬಂತು. ಎಕ್ಸ್‌ಟೆನ್ಶನ್ ಇಲ್ಲ. ಹೆಡ್ ಆಫೀಸು ನಂಬರ್ಸ್ ಕೇಳುತ್ತದೆ, ಇವರ ಕೆಲಸ ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ, ವೆರಿ ಸಾರಿ ಎಂದನಂತೆ ಬಾಸ್.

"ಆ ಪ್ಯಾನ್‌ಕೇಕಿನ ಮಾತು ನೆನಪು ಮಾಡ್ಬೇಕಿತ್ತು ನೀವು," ಎಂದೆ.

"ಮಾಡಿದೆ. 'ಎಕ್ಸಾಕ್ಟ್‌ಲಿ' ಅಂದ."

ಮಗಳು ಯೂನಿಫಾರ್ಮ್ ಮಡಚುತ್ತ, "ಇಟ್ಸ್ ಓಕೆ, ಮಮ್ಮಿ," ಎಂದಳು. ಓಕೆ ಏನೂ ಇರಲಿಲ್ಲ. ಊರಲ್ಲಿ ನೇರ ಟ್ವೆಲ್ತ್‌ಗೆ ಸೇರಿಸಿಕೊಳ್ಳಲು ಯಾವ ಸ್ಕೂಲೂ ಒಪ್ಪಿರಲಿಲ್ಲ.

ಕೊನೆಯ ಶುಕ್ರವಾರ ಪೆಟ್ಟಿಗೆಗಳಿಗೆ ಹಗ್ಗ ಬಿಗಿಯುತ್ತಿದ್ದಾಗ ಬಾಸಿನ ಫೋನು: ಹೊಸ ಟೇಪು ಬಂದಿದೆ, ಬನ್ನಿ. ಇವರು ಎದ್ದು ಶರ್ಟು ಬದಲಿಸಿದರು.

"ಇನ್ನೂ ಹೋಗ್ತೀರಾ?"

"ಪಾಪ, ಅವನೊಬ್ಬನೇ ಕೂತು ನೋಡ್ಬೇಕಲ್ಲ," ಎಂದು ಚಪ್ಪಲಿ ಮೆಟ್ಟಿದರು.