ಶಿವಲಿಂಗಮ್ಮನವರ ಪ್ರಾಕ್ಸಿ

ನಮ್ಮ ಕಾರ್ಖಾನೆಯಲ್ಲಿ ಪ್ರಾಕ್ಸಿ ಎಂದರೆ ಒಂದೇ ಅರ್ಥ ಇತ್ತು: ಬಾರದವನ ಕಾರ್ಡನ್ನು ಬಂದವನು ಉಜ್ಜುವುದು. ಅದನ್ನು ಹಿಡಿಯುವುದೇ ನನ್ನ ಹೊಟ್ಟೆಪಾಡು. ಪೀಣ್ಯ ಎರಡನೇ ಹಂತದ ಆ ಪಂಪ್ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಇಪ್ಪತ್ತಾರು ವರ್ಷ ಕೂತವನು ನಾನು, ಹನುಮಂತಯ್ಯ. ಸಿಕ್ಕಿಬಿದ್ದರೆ ಉಜ್ಜಿದವನಿಗೂ ಉಜ್ಜಿಸಿಕೊಂಡವನಿಗೂ ಮೂರು ಮೂರು ದಿನ ಸಸ್ಪೆನ್ಷನ್. ಹೀಗಿರುವಾಗ 2005ರ ಒಂದು ಬೆಳಿಗ್ಗೆ ನೋಟೀಸ್ ಬೋರ್ಡಿನಲ್ಲಿ ‘ಇಂದಿನಿಂದ ಎಲ್ಲ ವಿಭಾಗದವರೂ ಕಡ್ಡಾಯವಾಗಿ ಪ್ರಾಕ್ಸಿ ಬಳಸತಕ್ಕದ್ದು’ ಎಂದು ಕಂಡಿತು. ತಗಡು ಒತ್ತುವ ಪ್ರೆಸ್ ಷಾಪಿನವರು ಬಿದ್ದು ಬಿದ್ದು ನಗುತ್ತಿದ್ದರು. ನಾನು ಆ ಹಾಳೆ ಕಿತ್ತುಕೊಂಡು ಸಿಸ್ಟಂ ರೂಮಿಗೆ ನುಗ್ಗಿದೆ.

ಅಲ್ಲಿ ಶಿವಲಿಂಗಮ್ಮ ಕೂತಿದ್ದರು. ಇಪ್ಪತ್ತು ವರ್ಷ ಅದೇ ಕಿಟಕಿಯಿಲ್ಲದ ಕೋಣೆಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದವರು. ಲೈನು ಸೇರಿಸುವ ಬೋರ್ಡು ತೆಗೆದು, ಯಾರು ಬೇಕಾದರೂ ನೇರವಾಗಿ ನಂಬರ್ ಒತ್ತುವ ಯಂತ್ರ ತಂದ ಮೇಲೆ ಇವರನ್ನೇನು ಮಾಡುವುದೆಂದು ಯಾರಿಗೂ ತೋಚಲಿಲ್ಲ. ಇಂಟರ್‌ನೆಟ್ ಪೆಟ್ಟಿಗೆಯೂ ಅದೇ ಕೋಣೆಗೆ ಬಂದಿದ್ದರಿಂದ, “ಲೈನ್ ಕೊಡೋದು ತಾನೇ, ಇದನ್ನೂ ನೋಡ್ಕೊಳ್ಳಿ” ಎಂದುಬಿಟ್ಟರು. ಮಾರಿದ ಕಂಪನಿಯವನೊಬ್ಬ ಎರಡು ದಿನ ಪಾಠ ಹೇಳಿ ಹೋದ. ಉಳಿದದ್ದನ್ನು ಈಯಮ್ಮ ಪೆಟ್ಟಿಗೆಯ ಜೊತೆ ಜಗಳವಾಡಿ ಕಲಿತರು.

“ಇದು ನಿಮ್ಮ ಪ್ರಾಕ್ಸಿ ಅಲ್ಲ ಕಣ್ರೀ,” ಎಂದರು. “ಅರವತ್ತು ಕಂಪ್ಯೂಟರ್ ಪರವಾಗಿ ಈ ಪೆಟ್ಟಿಗೆ ಒಂದೇ ಹೊರಗೆ ಹೋಗಿ ಕೇಳ್ಕೊಂಡ್ ಬರುತ್ತೆ. ಹೊರಗಿನವ್ರಿಗೆ ಇದರ ಮುಖ ಮಾತ್ರ ಕಾಣೋದು.”

“ಅಂದ್ರೆ ಒಬ್ಬನ ಬದಲು ಇನ್ನೊಬ್ಬ ಎಸ್ ಸಾರ್ ಅನ್ನೋದು?”

“ಹಂಗಾದ್ರೆ ನಿಮ್ಮದೇ ಪ್ರಾಕ್ಸಿ,” ಎಂದರು.

ನನಗೆ ಈ ಹೆಂಗಸಿನ ಮೇಲೆ ಗೌರವ ಹುಟ್ಟಿದ್ದು ಬಹಳ ಹಿಂದೆ. ಅವರಿಗೆ ಕೆಲಸ ಕಲಿಸಿದ ಕೃಷ್ಣಮ್ಮ ಎಂಬ ಹಿರಿಯ ಆಪರೇಟರ್ ಒಂದು ನಿಯಮ ಹೇಳಿಕೊಟ್ಟಿದ್ದರಂತೆ: ಲೈನು ಸೇರಿಸು, ಕಿವಿ ತೆಗಿ, ಕಿವಿ ಇಡಲೇಬೇಕಾಗಿ ಬಂದರೆ ‘ಆಪರೇಟರ್ ಲೈನಲ್ಲಿದ್ದೀನಿ’ ಎಂದು ಹೇಳಿ ಇಡು. ಒಮ್ಮೆ ಕಾರ್ಖಾನೆಯ ಯಜಮಾನರೇ ಕರೆಸಿ, ಸೇಲ್ಸ್ ಮ್ಯಾನೇಜರ್ ಫೋನಿನಲ್ಲಿ ಏನು ಮಾತಾಡುತ್ತಾನೆ ಎಂದು ಕೇಳಿದಾಗ, “ನಾಳೆಯಿಂದ ಕೇಳಿಸ್ಕೋತೀನಿ ಸಾರ್, ಅವರಿಗೆ ಹೇಳಿ ಕೇಳಿಸ್ಕೋತೀನಿ” ಎಂದು ಬಂದಿದ್ದರು. ಯಜಮಾನರು ಮತ್ತೆ ಆ ಸುದ್ದಿ ಎತ್ತಲಿಲ್ಲ.

ಹೊಸ ಕೆಲಸದಲ್ಲಿ ಮೊದಮೊದಲು ಎಡವಟ್ಟಾಯಿತು. ಒಬ್ಬರು ನೋಡಿದ ಪುಟದ ಪ್ರತಿಯನ್ನು ಪೆಟ್ಟಿಗೆ ಇಟ್ಟುಕೊಂಡು, ಮುಂದೆ ಕೇಳಿದವರಿಗೆ ಅದನ್ನೇ ಕೊಡುತ್ತಿತ್ತು. ಹಾಗಾಗಿ ವೇಗವೋ ವೇಗ. ಆದರೆ ಪರ್ಚೇಸ್‌ನವರಿಗೆ ಸೋಮವಾರದ ಉಕ್ಕಿನ ದರ ಗುರುವಾರವೂ ಬಂದು, ಅವರು ಈಯಮ್ಮನ ಬಾಗಿಲಿಗೆ ಬಂದು ಕೂಗಾಡಿದರು. “ತಂಗಳು ಯಾವುದು, ಬಿಸಿ ಯಾವುದು ಅಂತ ಇದಕ್ಕೆ ನಾವೇ ಹೇಳ್ಕೊಡ್ಬೇಕು” ಎಂದು ಶಿವಲಿಂಗಮ್ಮ ಯಾವ ಪುಟ ಇಟ್ಟುಕೊಳ್ಳಬೇಕು, ಯಾವುದು ಕೂಡದು ಎಂದು ಪಟ್ಟಿ ಮಾಡಿದರು. ಕೆಲವು ವರ್ಷ ಕಳೆದು ಡ್ರಾಯಿಂಗ್ ಸೆಕ್ಷನ್ನಿನ ದೂರು: ದೊಡ್ಡ ನಕ್ಷೆ ಕಳಿಸಿದರೆ ಗಂಟೆ ಹಿಡಿಯುತ್ತದೆ. ಅದಕ್ಕೇನು ಮಾಡಿದೆ ಎಂದು ವಿವರಿಸಲು ಶಿವಲಿಂಗಮ್ಮ ನನಗೆ ಗೇಟು ತೋರಿಸಿದರು. ಸಂಜೆ ಪಾಳಿ ಬಿಟ್ಟಾಗ ನಮ್ಮ ವಾಚ್‌ಮನ್ ಎಲ್ಲರ ಊಟದ ಡಬ್ಬಿ ಬಿಚ್ಚಿಸುತ್ತಿದ್ದ.

“ಎಚ್‌ಟಿಟಿಪಿ ಅಂತ ಒಂದು ರೀತಿ, ಅದು ಈ ವಾಚ್‌ಮನ್ ಥರ. ಡಬ್ಬಿ ಬಿಚ್ಚಿ ನೋಡುತ್ತೆ, ಸಾಲು ಉದ್ದ ಆಗುತ್ತೆ. ಸಾಕ್ಸ್ ಅಂತ ಇನ್ನೊಂದಿದೆ. ಅದು ತಲೆ ಎಣಿಸಿ ಬಿಟ್ಬಿಡುತ್ತೆ. ಬೇಗ ಆಗುತ್ತೆ, ಆದ್ರೆ ಡಬ್ಬಿಲಿ ಬೇರಿಂಗ್ ಹೋದ್ರೂ ಗೊತ್ತಾಗಲ್ಲ. ಡ್ರಾಯಿಂಗ್‌ನವ್ರಿಗೆ ಮಾತ್ರ ಎರಡನೇದು ಕೊಟ್ಟಿದ್ದೀನಿ.”

“ಬೀಗ ಹಾಕಿರೋ ಡಬ್ಬಿ ಬಂದ್ರೆ?”

“ಬ್ಯಾಂಕು, ಮೇಲು ಎಲ್ಲಾ ಹಂಗೇ ಈಗ. ಯಾವ ಕಂಪ್ಯೂಟರ್‌ನಿಂದ ಎಲ್ಲಿಗೆ ಹೋಯ್ತು ಅಂತ ಕಾಣುತ್ತೆ. ಏನ್ ಹೋಯ್ತು ಅಂತ ಕಾಣಲ್ಲ.”

ಈ ಕೊನೆಯ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳಿರಲಿಲ್ಲ. ಅದು 2011. ಉತ್ಪಾದನೆ ಹೆಚ್ಚಲೆಂದು, ಕೈ ಅಡ್ಡ ಬಂದರೆ ಪ್ರೆಸ್ ನಿಲ್ಲಿಸುವ ಸೆನ್ಸರಿನ ವೈರನ್ನು ಕಿತ್ತಿಟ್ಟಿದ್ದರು. ಯಾದಗಿರಿ ಕಡೆಯಿಂದ ಬಂದು ಲಗ್ಗೆರೆಯಲ್ಲಿ ಬಾಡಿಗೆ ಕೋಣೆ ಹಿಡಿದಿದ್ದ ಗಂಗಪ್ಪನ ಎರಡು ಬೆರಳು ಹೋದವು. ಮಧ್ಯಾಹ್ನ ಎಚ್.ಆರ್. ಮ್ಯಾನೇಜರ್ ನನ್ನ ಮೇಜಿಗೆ ಬಂದು, ಗಂಗಪ್ಪ ಆ ದಿನ ಗೈರುಹಾಜರು ಎಂದು ಮಾಡಿಸಿದರು. ಕೆಲಸಕ್ಕೇ ಬಾರದವನಿಗೆ ಕಾರ್ಖಾನೆಯಲ್ಲಿ ಪೆಟ್ಟಾಗುವುದು ಹೇಗೆ? ಮಾಡಿದ್ದು ನನ್ನ ಕೈ. ಐದೂ ಬೆರಳಿದ್ದ ಕೈ. ಇಷ್ಟು ವರ್ಷ ಬಾರದವನನ್ನು ಬಂದ ಎಂದವರನ್ನು ಹಿಡಿದ ನಾನು, ಬಂದವನನ್ನು ಬಂದಿಲ್ಲ ಎಂದು ಬರೆದೆ. ಒಂದು ವಾರ ಒದ್ದಾಡಿ, ಮಂಗಳವಾರ ಊಟದ ಬಿಡುವಿನಲ್ಲಿ ಕ್ಯಾಂಟೀನಿನ ಕಂಪ್ಯೂಟರಿನಿಂದ ಸರ್ಕಾರದ ಕಾರ್ಖಾನೆ ತಪಾಸಣೆ ಇಲಾಖೆಗೆ ಹೆಸರಿಲ್ಲದ ಮೇಲ್ ಕಳಿಸಿದೆ. ಹಿಂದಿನ ದಿನ ಸಂಜೆ ಗೇಟಿನ ಹತ್ತಿರ ಕೇಳಿದ್ದು ಆ ಬೀಗದ ಪ್ರಶ್ನೆ. ಯಾಕೆಂದು ಶಿವಲಿಂಗಮ್ಮ ಕೇಳಲಿಲ್ಲ. “ಮೇಲ್ಗಡೆ ಬೀಗದ ಚಿತ್ರ ಇದೆಯಾ ನೋಡ್ಕೊಂಡು ಬರೀರಿ. ನಾನಂತೂ ನಾಳೆ ರಜ” ಎಂದಷ್ಟೇ ಹೇಳಿದ್ದರು.

ಇಲಾಖೆಯ ನೋಟೀಸು ಬಂತು. ಪ್ರೆಸ್ಸಿನ ನಂಬರು, ಗಂಟೆ ಎಲ್ಲ ಅದರಲ್ಲಿತ್ತು. ಒಳಗಿನವನೇ ಬರೆದದ್ದು ಎಂದು ಮ್ಯಾನೇಜರ್‌ಗೆ ಗೊತ್ತಾಯಿತು. ಅವರ ಅನುಮಾನವೆಲ್ಲ ಪ್ರೆಸ್ ಷಾಪಿನ ಮೇಲೆ. ನಾನು ಪುಕ್ಕಲ ಎಂಬುದು ವಾಚ್‌ಮನ್‌ಗೂ ಗೊತ್ತಿದ್ದರಿಂದ ನನ್ನ ಕಡೆ ಯಾರೂ ತಿರುಗಿ ನೋಡಲಿಲ್ಲ. ಸಿಕ್ಕಿದರೆ ಐವತ್ತೆರಡರ ವಯಸ್ಸಿನಲ್ಲಿ ಮನೆಗೆ ಹೋಗಬೇಕು ಎಂಬುದು ಮಾತ್ರ ನನಗೆ ನಿಚ್ಚಳವಾಗಿತ್ತು.

ಪೆಟ್ಟಿಗೆಯ ದಾಖಲೆ ತೆಗೆಸಿದರು. ಮಂಗಳವಾರ, ಒಂದು ಹತ್ತು, ಕ್ಯಾಂಟೀನ್, ಮೇಲ್ ಸೈಟು. ಆ ಹೊತ್ತಿಗೆ ಅಲ್ಲಿ ನೂರು ಜನ. ಬರೆದವನು ಉತ್ತರ ನೋಡಲು ಬಂದೇ ಬರುತ್ತಾನೆ ಎಂದು ಮ್ಯಾನೇಜರ್ ಲೆಕ್ಕ ಹಾಕಿದರು. ಬೀಗ ಹಾಕಿದ ಡಬ್ಬಿಯನ್ನು ದಾರಿಯಲ್ಲೇ ತೆರೆದು, ನೋಡಿ, ಬೇರೆ ಬೀಗ ಹಾಕಿ ಕಳಿಸುವ ಏರ್ಪಾಟೊಂದಿದೆಯಂತೆ. ಅದನ್ನು ಹಾಕಿ ಎಂದರು. ಶಿವಲಿಂಗಮ್ಮ ಒಲ್ಲೆ ಎಂದರು. ಮಾರಿದ ಕಂಪನಿಯವನೇ ಬಂದು ಹಾಕಿ ಹೋದ.

ಸೋಮವಾರ ಊಟದ ಹೊತ್ತಿಗೆ ನಾನು ಎದೆ ಗಟ್ಟಿ ಮಾಡಿಕೊಂಡು, ಉತ್ತರ ನೋಡಲು ಕ್ಯಾಂಟೀನಿಗೆ ಹೋದೆ. ಕಂಪ್ಯೂಟರಿನ ತಲೆಯ ಮೇಲೆ ರಟ್ಟಿನ ಬೋರ್ಡು, ದುಂಡಗಿನ ಅಕ್ಷರ: ‘ಈ ಕಂಪ್ಯೂಟರಿನಲ್ಲಿ ನೀವು ಬರೆಯುವ, ಓದುವ ಪತ್ರಗಳನ್ನು ಇಂದಿನಿಂದ ಕಂಪನಿಯೂ ಓದುತ್ತದೆ. ಆಪರೇಟರ್ ಲೈನಿನಲ್ಲಿದ್ದಾರೆ. – ಶಿವಲಿಂಗಮ್ಮ, ಸಿಸ್ಟಂ ರೂಮ್.’ ನಾನು ತಟ್ಟೆ ಹಿಡಿದುಕೊಂಡು ಹಾಗೆಯೇ ಹಿಂದಕ್ಕೆ ಬಂದೆ.

ಬುಧವಾರ ವಿಚಾರಣೆ. ಆ ಮಂಗಳವಾರದ ಹಾಜರಿ ತರಲು ನನಗೂ ಹೇಳಿ ಕಳಿಸಿದರು. ಶಿವಲಿಂಗಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು.

“ಬೋರ್ಡ್ ಹಾಕೋಕೆ ಹೇಳಿದ್ಯಾರು?” ಎಂದರು ಮ್ಯಾನೇಜರ್.

“ಯಾರೂ ಹೇಳ್ಲಿಲ್ಲ ಸಾರ್. ಕಿವಿ ಇಟ್ರೆ ಹೇಳಿ ಇಡ್ಬೇಕು.”

“ಅಂದ್ರೆ ಬರೆದವನು ಯಾರು ಅಂತ ನಿಮಗೆ ಗೊತ್ತು. ಹೆಸರು ಹೇಳಿದ್ರೆ ನಿಮ್ಮ ಕೆಲಸ ಉಳಿಯುತ್ತೆ.”

ಅವರು ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. “ನಾನೇ ಸಾರ್ ಬರ್ದಿದ್ದು.”

ಮ್ಯಾನೇಜರ್ ನಕ್ಕರು. “ಹನುಮಂತಯ್ಯ, ಓದ್ರಿ.”

ನಾನು ಓದಿದೆ. ಆ ದಿನ ಶಿವಲಿಂಗಮ್ಮ ರಜ. ನನ್ನ ದನಿ ನನಗೇ ಅಸಹ್ಯವಾಗಿ ಕೇಳಿಸಿತು.

“ರಜದಲ್ಲಿದ್ದವ್ರು ಕ್ಯಾಂಟೀನಿನಿಂದ ಹೆಂಗ್ ಬರೆದ್ರಿ? ಯಾರ ಪರವಾಗಿ ಪ್ರಾಕ್ಸಿ ಹೊಡೀತಿದ್ದೀರಾ?”

“ಆರು ವರ್ಷದಿಂದ ಅದೇ ಕೆಲಸ ತಾನೇ ಸಾರ್,” ಎಂದರು ಶಿವಲಿಂಗಮ್ಮ. “ನೀವೇ ಕೊಟ್ಟಿದ್ದು. ಹೊರಗಿನವ್ರಿಗೆ ಒಂದೇ ಮುಖ ಕಾಣ್ಬೇಕು. ಅದು ನನ್ನದೇ ಇರ್ಲಿ.”

ಮ್ಯಾನೇಜರ್ ಮುಖ ಕೆಂಪಾಯಿತು. ಅವರು ನನ್ನ ಕಡೆ ತಿರುಗಿದರು. “ಪ್ರಾಕ್ಸಿಗೆ ರೂಲ್ಸ್ ಏನಿದೆ ಹೇಳ್ರಿ ಇವ್ರಿಗೆ.”

ಇಪ್ಪತ್ತಾರು ವರ್ಷ ಬಾಯಿಪಾಠವಾಗಿದ್ದ ಮಾತು. ಮೊದಲ ಸಲ ಅದನ್ನು ಪೂರ್ತಿ ಅರ್ಥ ಮಾಡಿಕೊಂಡು ಹೇಳಿದೆ.

“ಸಸ್ಪೆನ್ಷನ್ ಸಾರ್. ಇಬ್ಬರಿಗೂ. ಹೊಡೆದವರಿಗೂ, ಯಾರ ಪರವಾಗಿ ಹೊಡೆದರೋ ಅವರಿಗೂ,” ಎಂದು ಹಾಜರಿ ಪುಸ್ತಕವನ್ನು ಅವರ ಮೇಜಿನ ಮೇಲಿಟ್ಟೆ. “ಅವರ ಹೆಸರಿನ ಕೆಳಗೆ ನನ್ನದು ಬರ್ಕೊಳ್ಳಿ. ಗಂಗಪ್ಪ ಆವತ್ತು ಬಂದಿದ್ದ. ಅದನ್ನೂ ಬರ್ಕೊಳ್ಳಿ.”